ಬ್ರೇಕಿಗಿಂತ ಮೊದಲು ಮನಸ್ಸು

(ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಾನು ಸರ್ಕಾರಿ ಇಂಜಿನಿಯರಾಗಿ ರಸ್ತೆ ಕೆಲಸ ಮಾಡಿ ನಿವೃತ್ತನಾದವನು. ಹಾಗಾಗಿ ತಾವು ಡಾಂಬರು, ಜಲ್ಲಿಯ ಮಾತನ್ನು ನಿರೀಕ್ಷಿಸಿರಬಹುದು. ಇಂದು ನಾನು ಹೇಳಬೇಕೆಂದಿರುವುದು ವಾಹನ ಓಡಿಸುವವರ ಮನಸ್ಸಿನ ಬಗ್ಗೆ.

ಹೆದ್ದಾರಿ ಶಾಸ್ತ್ರದಲ್ಲಿ ನಮಗೊಂದು ಪಾಠವಿತ್ತು. ದಾರಿಗೆ ಎಮ್ಮೆಯೊಂದು ಅಡ್ಡ ಬಂತು ಎನ್ನಿ. ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವ ಮೊದಲು ಅವನೊಳಗೆ ನಾಲ್ಕು ಹಂತಗಳು ನಡೆಯುತ್ತವೆ. ಮೊದಲು ಕಣ್ಣು ಕಾಣುತ್ತದೆ. ಬುದ್ಧಿ ಅದನ್ನು ಅರ್ಥಮಾಡಿಕೊಳ್ಳುತ್ತದೆ. ಆಮೇಲೆ ಭಾವನೆ ಏಳುತ್ತದೆ. ಕೊನೆಗೆ ಏನು ಮಾಡಬೇಕೆಂದು ಮನಸ್ಸು ನಿಶ್ಚಯಿಸುತ್ತದೆ. ಕೋಪ, ಭಯ, ಗಾಬರಿಗಳೆಲ್ಲ ಆ ಮೂರನೆಯ ಹಂತದವು. ಇಂಜಿನಿಯರರ ಲೆಕ್ಕದ ಪುಸ್ತಕವೇ ಭಾವನೆಗೆ ಒಂದು ಸ್ಥಾನ ಕೊಟ್ಟಿದೆ ಎಂಬುದನ್ನು ತಾವು ಗಮನಿಸಬೇಕು.

ಇದಕ್ಕೆಲ್ಲ ಸೇರಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎರಡೂವರೆ ಸೆಕೆಂಡು ಹಿಡಿದಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಅಷ್ಟರಲ್ಲಿ ಸುಮಾರು 55 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕಿನ ಕೆಲಸ ಶುರುವಾಗುವುದೇ ಆಮೇಲೆ. ಆದ್ದರಿಂದ ಆ ವೇಗದ ರಸ್ತೆಯಲ್ಲಿ ಕನಿಷ್ಠ 120 ಮೀಟರ್ ದೂರ ಕಣ್ಣಿಗೆ ಕಾಣುವಂತೆ ತಿರುವು, ಏರಿಳಿತಗಳನ್ನು ರೂಪಿಸುತ್ತೇವೆ. ಆದರೆ ಈ ಲೆಕ್ಕ ಗಮನವಿಟ್ಟು ಓಡಿಸುವವನಿಗೆ ಮಾತ್ರ. ಮನೆಯಲ್ಲಿ ಜಗಳವಾಡಿ ಬಂದವನಿಗೆ, ಫೋನನ್ನು ಕಿವಿಗೆ ಒತ್ತಿಕೊಂಡವನಿಗೆ ಎಷ್ಟು ಮೀಟರ್ ಕೊಟ್ಟರೂ ಸಾಲದು.

ಹಿಂದಿನಿಂದ ಬಂದ ಕಾರೊಂದು ನಮ್ಮನ್ನು ದಾಟಿ ಮುಂದೆ ನುಗ್ಗಿತು. ನಡೆದದ್ದು ಇಷ್ಟೇ. 'ನನ್ನನ್ನೇ ಓವರ್‌ಟೇಕ್ ಮಾಡ್ತಾನಾ?' ಎಂಬುದು ನಾವು ಸೇರಿಸಿದ ಆಲೋಚನೆ. ಅದರಿಂದ ಕೋಪ ಹುಟ್ಟಿತು. ನಿಧಾನಿಸಬೇಕಾದ ಕಾಲು ಆಕ್ಸಿಲರೇಟರ್ ಒತ್ತಿತು. 'ಪಾಪ, ಯಾರನ್ನೋ ಆಸ್ಪತ್ರೆಗೆ ಕರೆದೊಯ್ಯುತ್ತಿರಬಹುದು' ಎಂದುಕೊಂಡಿದ್ದರೆ ಅದೇ ಕಾಲು ಸಡಿಲವಾಗುತ್ತಿತ್ತು. ಆಲೋಚನೆ ಭಾವನೆಯಾಗುತ್ತದೆ, ಭಾವನೆ ಕ್ರಿಯೆಯಾಗುತ್ತದೆ, ದಿನವೂ ಮಾಡಿದ ಕ್ರಿಯೆ ಅಭ್ಯಾಸವಾಗುತ್ತದೆ. ಇದನ್ನು ತಿದ್ದಲು ಸುಲಭವಾದ ಜಾಗ ಮೊದಲನೆಯದು, ಆಲೋಚನೆ.

ಅವಸರದ ಲೆಕ್ಕವನ್ನೂ ಹಾಕೋಣ. 30 ಕಿ.ಮೀ. ದಾರಿಯನ್ನು 60ರ ವೇಗದಲ್ಲಿ ಅರ್ಧ ಗಂಟೆಯಲ್ಲಿ ಮುಟ್ಟುತ್ತೇವೆ. 80ರಲ್ಲಿ ಹೋದರೆ ಉಳಿಯುವುದು ಏಳೂವರೆ ನಿಮಿಷ. ಊರು, ಹಂಪು, ಗೇಟು ದಾಟುವಷ್ಟರಲ್ಲಿ ಅದೂ ಉಳಿಯುವುದಿಲ್ಲ. ಆದರೆ ಢಿಕ್ಕಿಯಾದರೆ ಅದರ ಶಕ್ತಿ ಮುಕ್ಕಾಲು ಪಾಲು ಹೆಚ್ಚಾಗಿರುತ್ತದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,000ಕ್ಕೂ ಹೆಚ್ಚು ಜನ ಸತ್ತರು. ಅವುಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿವೆ. ಒಂದೊಂದು ಅಂಕಿಯ ಹಿಂದೆಯೂ ಊಟಕ್ಕೆ ಕಾದು ಕುಳಿತ ಒಂದು ಮನೆ ಇದೆ.

ನಾವು ಮಾಡಬಹುದಾದದ್ದು ಏನು? ಕೀಲಿ ತಿರುಗಿಸುವ ಮೊದಲು ಒಂದು ನಿಮಿಷ ಸುಮ್ಮನೆ ಕುಳಿತು, 'ನಾನೀಗ ಯಾರ ಮೇಲಾದರೂ ಸಿಟ್ಟಾಗಿದ್ದೇನೆಯೇ?' ಎಂದು ಕೇಳಿಕೊಳ್ಳಿ. ಹೌದೆಂದರೆ ನೀರು ಕುಡಿದು ಸ್ವಲ್ಪ ತಡವಾಗಿ ಹೊರಡಿ. ದೂರದ ದಾರಿಯಿದ್ದರೆ ಹತ್ತು ನಿಮಿಷ ಮೊದಲೇ ಮನೆ ಬಿಡಿ. ಮನೆಯವರಿಗೂ ಒಂದು ವಿನಂತಿ. ಮಗ ಬೈಕು ಹತ್ತುವಾಗ ಹೊಸ್ತಿಲಲ್ಲಿ ನಿಂತು ಬೈಯಬೇಡಿ. ದಾರಿಯಲ್ಲಿರುವವರಿಗೆ 'ಎಲ್ಲಿದ್ದೀ, ಇನ್ನೂ ಬರ್ಲಿಲ್ವಾ?' ಎಂದು ಪದೇಪದೇ ಫೋನು ಮಾಡಬೇಡಿ. ನಿಮ್ಮ ಆತಂಕ ಅವನ ಆಕ್ಸಿಲರೇಟರ್ ಮೇಲೆ ಭಾರವಾಗಿ ಕೂರುತ್ತದೆ.

ಅರಿವು ಆಚಾರವಾಗಬೇಕು ಎನ್ನುವವರು ನಾವು. ಪ್ರಸಾದ ಮುಗಿಸಿ ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಒಟ್ಟಿಗೇ ಗಾಡಿ ತೆಗೆಯುತ್ತೇವೆ. ಗೇಟಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಡುವುದರಿಂದಲೇ ಶುರು ಮಾಡೋಣ.