ನಾಟ್ಯದಿಂದ ಚಿತ್ರಕ್ಕೆ, ಚಿತ್ರದಿಂದ ನಾಟ್ಯಕ್ಕೆ

ರೇಡಿಯೋದ ಮುಂದೆ ಕುಳಿತವರಿಗೆ ಹಾಡು ದಕ್ಕುತ್ತದೆ, ನಾಟ್ಯ ದಕ್ಕುವುದಿಲ್ಲ. ಗೆಜ್ಜೆಯ ಸದ್ದು ಕಿವಿಗೆ ಬಿದ್ದೀತು, ಮೃದಂಗದ ಜತಿಯೂ ಕೇಳಿಸೀತು. ಆದರೆ ನರ್ತಕಿಯ ಕಣ್ಣು ಎತ್ತ ಹೊರಳಿತು, ಕೈ ಯಾವ ಹಸ್ತದಲ್ಲಿ ನಿಂತಿತು ಎಂಬುದನ್ನು ಧ್ವನಿಯಂತ್ರ ತಂದುಕೊಡಲಾರದು. ಹಾಗಿದ್ದೂ ನರ್ತಕಿಯೊಬ್ಬರ ವಿಷಯವನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ. ಅವರು ವೈಜಯಂತಿಮಾಲಾ. ‘ನಾಗಿನ್’, ‘ಮಧುಮತಿ’ ಚಿತ್ರಗಳ ಹಾಡುಗಳನ್ನು ನೀವು ರೇಡಿಯೋದಲ್ಲಿ ಕೇಳಿಯೇ ಇರುತ್ತೀರಿ. ಕೊರಳು ಲತಾ ಮಂಗೇಶ್ಕರರದು. ಆ ಕೊರಳಿಗೆ ತೆರೆಯ ಮೇಲೆ ಮೈಕೊಟ್ಟವರು ವೈಜಯಂತಿಮಾಲಾ.

ನಾಟ್ಯ ಬಲ್ಲವರು ಚಲಚ್ಚಿತ್ರಕ್ಕೆ ಬಂದದ್ದು ಇವರಿಂದಲೇ ಮೊದಲಲ್ಲ. ಕುಮಾರಿ ಕಮಲಾ ಬಂದಿದ್ದರು. ತಿರುವಾಂಕೂರಿನ ಲಲಿತಾ, ಪದ್ಮಿನಿ, ರಾಗಿಣಿ ಸೋದರಿಯರು ಬಂದಿದ್ದರು. ಚಿತ್ರರಂಗಕ್ಕೆ ಏರಲು ನಾಟ್ಯವೊಂದು ಮೆಟ್ಟಿಲು ಎಂದು ಭಾವಿಸುವವರು ಬಹಳ. ಏರಿದ ಮೇಲೆ ಮೆಟ್ಟಿಲನ್ನು ಯಾರು ನೆನೆಯುತ್ತಾರೆ? ವೈಜಯಂತಿಮಾಲಾ ಅವರ ಬಾಳಿನ ವಿಶೇಷ ಇರುವುದು ಇಲ್ಲಿಯೇ. ಅವರಿಗೆ ನಾಟ್ಯ ಮೆಟ್ಟಿಲಾಗಿರಲಿಲ್ಲ, ಮನೆಯಾಗಿತ್ತು.

ಅವರು ಹುಟ್ಟಿದ್ದು 1933ರಲ್ಲಿ, ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ. ಮಂಡಯಂ ಶ್ರೀವೈಷ್ಣವ ಮನೆತನದಲ್ಲಿ. ಬೆಳೆಸಿದ ಅಜ್ಜಿಯ ಹೆಸರು ಯದುಗಿರಿ ದೇವಿ. ಯದುಗಿರಿಯೆಂದರೆ ನಮ್ಮ ಮೇಲುಕೋಟೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ತಾಯಿ ವಸುಂಧರಾ ದೇವಿ ಗಾಯಕಿ, ನಟಿ. 1943ರ ‘ಮಂಗಮ್ಮ ಶಪಥಂ’ ಅವರಿಗೆ ತಮಿಳುನಾಡಿನಲ್ಲಿ ದೊಡ್ಡ ಹೆಸರು ತಂದಿತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಯೂರೋಪಿಗೆ ಕರೆದೊಯ್ದ ಕಲಾವಿದರ ತಂಡದಲ್ಲಿ ಈ ತಾಯಿಯೂ ಇದ್ದರು, ಪುಟ್ಟ ಮಗಳೂ ಇದ್ದಳು. ಆ ಪ್ರವಾಸದಲ್ಲಿ ಮಗು ವ್ಯಾಟಿಕನ್ ನಗರದಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರ ಮುಂದೆ ಕುಣಿಯಿತು.

ಶಾಸ್ತ್ರೀಯ ಶಿಕ್ಷಣ ನಡೆದದ್ದು ವಳುವೂರು ರಾಮಯ್ಯ ಪಿಳ್ಳೆಯವರಲ್ಲಿ. ಭರತನಾಟ್ಯದ ಪಾಠ ಹೇಗೆ ಸಾಗುತ್ತದೆಂಬುದನ್ನು ಬಲ್ಲವರು ಬಲ್ಲರು. ಅರೆಮಂಡಿಯಲ್ಲಿ ಕುಳಿತು ಅದೇ ಅಡವನ್ನು ಮೂರು ಕಾಲದಲ್ಲಿ, ತೊಡೆ ನಡುಗುವವರೆಗೆ ತುಳಿಯಬೇಕು. ಕಣ್ಣು, ಹುಬ್ಬು, ಕತ್ತು, ಒಂದೊಂದಕ್ಕೂ ಬೇರೆ ಸಾಧನೆ. ಅದೆಲ್ಲ ಮೈಗೂಡಿದ ಮೇಲೆ ಅಭಿನಯ. ಪದವೊಂದರ ಒಂದೇ ಸಾಲನ್ನು ಗಾಯಕರು ಮರಳಿ ಮರಳಿ ಹಾಡುತ್ತಿರಲು, ನರ್ತಕಿ ಪ್ರತಿ ಸಲವೂ ಹೊಸದೊಂದು ಭಾವವನ್ನು ಅದರಿಂದ ಬಿಡಿಸಬೇಕು. ಮಾತಿಲ್ಲದೆ ಮನಸ್ಸನ್ನು ತೋರುವ ವಿದ್ಯೆ ಇದು. ಹದಿಮೂರನೆಯ ವಯಸ್ಸಿಗೆ ರಂಗಪ್ರವೇಶವಾಯಿತು.

ಮದರಾಸಿನ ಗೋಖಲೆ ಸಭಾಭವನದಲ್ಲಿ ಹುಡುಗಿಯ ನೃತ್ಯವನ್ನು ಕಂಡ ನಿರ್ದೇಶಕ ಎಂ. ವಿ. ರಾಮನ್ ಆಕೆಯನ್ನು ಚಿತ್ರಕ್ಕೆ ಕೇಳಿದರು. ಅಜ್ಜಿಗೆ ಮನಸ್ಸಿರಲಿಲ್ಲ, ಹುಡುಗಿ ಇನ್ನೂ ಚಿಕ್ಕವಳು, ಓದಿಗೂ ನಾಟ್ಯಕ್ಕೂ ಅಡ್ಡಿಯಾದೀತೆಂಬ ಅಂಜಿಕೆ. ಕಡೆಗೂ ಒಪ್ಪಿಗೆ ದೊರೆತು, 1949ರಲ್ಲಿ ಏ.ವಿ.ಎಂ. ಸಂಸ್ಥೆಯ ‘ವಾಳ್ಕೈ’ ಹೊರಬಂದಿತು. 1951ರಲ್ಲಿ ಅದೇ ಕತೆ ಹಿಂದಿಯಲ್ಲಿ ‘ಬಹಾರ್’ ಆಯಿತು. ತನ್ನ ಮಾತನ್ನು ತಾನೇ ಆಡಬೇಕೆಂದು ಆಕೆ ಹಿಂದಿ ಪ್ರಚಾರ ಸಭೆಯಲ್ಲಿ ಹಿಂದಿ ಕಲಿತರು. 1954ರ ‘ನಾಗಿನ್’ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು.

ನರ್ತಕಿಗೆ ಚಿತ್ರರಂಗ ಸುಲಭವೆಂದು ಎಣಿಸಬೇಡಿ. ಸಭೆಯಲ್ಲಿ ಅಲರಿಪುವಿನಿಂದ ತಿಲ್ಲಾನದವರೆಗೆ ಎರಡು ಗಂಟೆ ಕಾಲ ನೃತ್ಯ ಹೊಳೆಯಂತೆ ಹರಿಯುತ್ತದೆ. ಚಿತ್ರದಲ್ಲಿ ಅದು ನಾಲ್ಕು ನಿಮಿಷದ ಹಾಡು. ಆ ನಾಲ್ಕು ನಿಮಿಷವೂ ತುಂಡು ತುಂಡು. ಇಂದು ಒಂದು ಹೆಜ್ಜೆ, ನಾಳೆ ಒಂದು ನೋಟ. ಇನ್ನೊಂದು ತೊಡಕೂ ಉಂಟು. ವೇದಿಕೆಯ ಭಾವ ಸಭೆಯ ಕೊನೆಯ ಸಾಲಿಗೂ ಮುಟ್ಟಬೇಕು, ಆದ್ದರಿಂದ ತುಸು ಹಿಗ್ಗಿಸಿಯೇ ತೋರಬೇಕು. ಕ್ಯಾಮೆರಾ ರೆಪ್ಪೆಯ ಅಲುಗಾಟವನ್ನೂ ಹತ್ತು ಪಟ್ಟು ದೊಡ್ಡದು ಮಾಡುತ್ತದೆ. ಅಲ್ಲಿ ಹಿಗ್ಗಿಸಿದರೆ ಅಭಾಸ. ಕಲಿತದ್ದನ್ನು ಬಿಡದೆಯೂ ಹಿಡಿತದಲ್ಲಿಡುವುದನ್ನು ಅವರು ಹೊಸದಾಗಿ ಕಲಿಯಬೇಕಾಯಿತು.

ಅದನ್ನು ಕಲಿತರೆಂಬುದಕ್ಕೆ ಬಿಮಲ್ ರಾಯ್ ಅವರ ‘ದೇವದಾಸ್’ ಸಾಕ್ಷಿ. 1955ರ ಈ ಚಿತ್ರದಲ್ಲಿ ಅವರದು ಚಂದ್ರಮುಖಿಯೆಂಬ ನರ್ತಕಿಯ ಪಾತ್ರ. ಕುಣಿತ ಬೇಕಾದಷ್ಟಿದೆ, ಆದರೆ ಮನಸ್ಸಿನಲ್ಲಿ ಉಳಿಯುವುದು ಅವಳು ಗೆಜ್ಜೆ ಬಿಟ್ಟು ಸುಮ್ಮನಿರುವ ಗಳಿಗೆಗಳು. ಆ ಪಾತ್ರಕ್ಕೆ ಫಿಲ್ಮ್‌ಫೇರ್‌ನವರು ಪೋಷಕ ನಟಿಯ ಪ್ರಶಸ್ತಿ ಕೊಟ್ಟಾಗ ಅವರು ಸ್ವೀಕರಿಸಲಿಲ್ಲ. ಸುಚಿತ್ರಾ ಸೇನ್ ವಹಿಸಿದ ಪಾರ್ವತಿಯ ಪಾತ್ರಕ್ಕೆ ಚಂದ್ರಮುಖಿ ಸಮಾನಳೆಂಬುದು ಅವರ ನಿಲುವು. ಇದನ್ನು ಬರಿಯ ಹಟವೆನ್ನಲಾದೀತೆ? ಕುಣಿಯುವ ಹೆಣ್ಣನ್ನು ಕತೆಯ ಅಂಚಿಗೆ ಸರಿಸುವುದು ಸಮಾಜದ ಹಳೆಯ ಚಾಳಿ. ಮರ್ಯಾದಸ್ಥ ಮನೆತನದ ಹುಡುಗಿಯೊಬ್ಬಳು ಆ ಹೆಣ್ಣಿನ ಪಾತ್ರ ವಹಿಸಿ, ಅವಳ ಪರವಾಗಿ ಸಮಾನ ಸ್ಥಾನ ಕೇಳಿದ್ದು ಸಣ್ಣ ಮಾತಲ್ಲ. 1958ರ ‘ಸಾಧನಾ’ ಚಿತ್ರದಲ್ಲಿ ಪುನಃ ಅಂಥದೇ ಪಾತ್ರ. ಈ ಸಲ ದೊರೆತದ್ದು ಶ್ರೇಷ್ಠ ನಟಿಯ ಪ್ರಶಸ್ತಿ. ‘ಗಂಗಾ ಜಮುನಾ’, ‘ಸಂಗಮ್’ ಚಿತ್ರಗಳಿಗಾಗಿ ಅದು ಮತ್ತೆರಡು ಸಲ ಬಂದಿತು.

1956ರ ‘ನ್ಯೂ ಡೆಲ್ಲಿ’ ಹಾಸ್ಯಚಿತ್ರದಲ್ಲಿ ತಮಿಳು ಹುಡುಗಿಯಾಗಿ ಭರತನಾಟ್ಯವನ್ನೂ ಪಂಜಾಬಿನ ಭಾಂಗಡಾವನ್ನೂ ಕುಣಿದರು. ‘ಮಧುಮತಿ’ಯಲ್ಲಿ ಮೂರು ಪಾತ್ರ. 1961ರ ‘ಗಂಗಾ ಜಮುನಾ’ದಲ್ಲಿ ಹಳ್ಳಿಯ ಧನ್ನೋ ಆಗಿ ಉತ್ತರದ ಗ್ರಾಮ್ಯಭಾಷೆಯನ್ನು ಆಡಿದರು. ‘ವಂಜಿಕ್ಕೋಟ್ಟೈ ವಾಲಿಬನ್’ ಚಿತ್ರದಲ್ಲಿ ಪದ್ಮಿನಿಯವರಿಗೂ ಇವರಿಗೂ ನಡೆದ ನೃತ್ಯದ ಪಂದ್ಯವನ್ನು ನೋಡಿದವರು ಮರೆಯಲಾರರು. 1966ರ ‘ಆಮ್ರಪಾಲಿ’ ವೈಶಾಲಿಯ ರಾಜನರ್ತಕಿಯ ಕತೆ. ಇವರಿಗಾಗಿಯೇ ಹುಟ್ಟಿದಂಥ ಪಾತ್ರ. ಆದರೆ ಚಿತ್ರ ಹಣ ಗಳಿಸಲಿಲ್ಲ.

1968ರಲ್ಲಿ ಡಾಕ್ಟರ್ ಚಮನ್‌ಲಾಲ್ ಬಾಲಿಯವರೊಡನೆ ವಿವಾಹ. ಅದೇ ವರ್ಷ ಪದ್ಮಶ್ರೀ. 1970ರ ‘ಗಂವಾರ್’ ಚಿತ್ರದೊಡನೆ ಬೆಳ್ಳಿತೆರೆಗೆ ವಿದಾಯ. ಅನಂತರ ಮದರಾಸಿನಿಂದ ಎರಡು ಸಲ ಲೋಕಸಭೆಗೆ ಚುನಾಯಿತರಾದರು, ರಾಜ್ಯಸಭೆಯ ಸದಸ್ಯರೂ ಆದರು. ಅದು ಬೇರೆಯ ಅಧ್ಯಾಯ.

ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಇನ್ನೊಂದನ್ನು. ದೇಶವೆಲ್ಲ ಹೆಸರು ಹಬ್ಬಿದ ಮೇಲೂ ಈಕೆ ತಂಜಾವೂರಿನ ಕಿಟ್ಟಪ್ಪ ಪಿಳ್ಳೆಯವರ ಮುಂದೆ ಶಿಷ್ಯೆಯಾಗಿ ನಿಂತರು. ಕಿಟ್ಟಪ್ಪ ಪಿಳ್ಳೆಯವರು ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ತಂಜಾವೂರು ಸೋದರರ ವಂಶದವರು. ಆ ನಾಲ್ವರಲ್ಲಿ ಚಿನ್ನಯ್ಯನವರು ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದವರು. ಆ ಮನೆತನದಲ್ಲಿ ಉಳಿದಿದ್ದ ಹಳೆಯ ರಚನೆಗಳನ್ನು ವೈಜಯಂತಿಮಾಲಾ ಕೇಳಿ ಕಲಿತು ವೇದಿಕೆಗೆ ತಂದರು. ಚಿತ್ರದಲ್ಲಿ ತುಂಡಾಗಿದ್ದ ನೃತ್ಯ ಮತ್ತೆ ಹೊಳೆಯಾಯಿತು. 1982ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದದ್ದು ಚಿತ್ರನಟಿಗಲ್ಲ, ನರ್ತಕಿಗೆ. 2024ರಲ್ಲಿ ಪದ್ಮವಿಭೂಷಣ ಬಂದ ವರ್ಷವೇ, ತೊಂಬತ್ತರ ವಯಸ್ಸಿನಲ್ಲಿ, ಅಯೋಧ್ಯೆಯಲ್ಲಿ ನೃತ್ಯಸೇವೆ ಸಲ್ಲಿಸಿದರು.

ನಿಮ್ಮ ಬೀದಿಯಲ್ಲಿಯೂ ನಾಟ್ಯದ ಶಾಲೆಯೊಂದು ಇರಬಹುದು; ನಿಮ್ಮ ಮನೆಯ ಹುಡುಗಿಯೂ ಅಲ್ಲಿಗೆ ಹೋಗುತ್ತಿರಬಹುದು. ರಂಗಪ್ರವೇಶವೆಂದರೆ ರಂಗಕ್ಕೆ ಬರುವುದು. ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಅದೇ ನಿರ್ಗಮನವೂ ಆಗಿಬಿಡುತ್ತದೆ. ಸಾವಿರಾರು ರೂಪಾಯಿ ವೆಚ್ಚ, ನಾಲ್ಕು ಛಾಯಾಚಿತ್ರ, ಆಮೇಲೆ ಮದುವೆ. ಗೆಜ್ಜೆ ಪೆಟ್ಟಿಗೆ ಸೇರುತ್ತದೆ. ಎಲ್ಲರೂ ವೈಜಯಂತಿಮಾಲಾ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಸಿನಿಮಾ, ಸಂಸಾರ, ರಾಜಕೀಯ ಮೂರನ್ನೂ ಕಂಡ ಹೆಣ್ಣೊಬ್ಬಳು ತೊಂಬತ್ತರಲ್ಲಿಯೂ ಗೆಜ್ಜೆ ಕಟ್ಟಿದಳೆಂಬುದನ್ನು ನಾವು ನೆನಪಿಡಬಹುದು; ಹುಡುಗಿಯ ಗೆಜ್ಜೆಯನ್ನು ಪೆಟ್ಟಿಗೆಗೆ ಹಾಕುವ ಮುನ್ನ ಅವಳನ್ನೊಂದು ಮಾತು ಕೇಳಬಹುದು.