ಮೂರರಿಂದ ಆರು: ಅಕ್ಷರಕ್ಕೂ ಮೊದಲಿನ ಕಲಿಕೆ
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಶಿಕ್ಷಣತಜ್ಞೆಯಲ್ಲ. ಎಂ.ಟೆಕ್. ಮಾಡಿ ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ನಾಲ್ಕೂವರೆ ವರ್ಷದ ಮಗಳಿದ್ದಾಳೆ. ಅವಳಿಗೆ ಪ್ರೀಸ್ಕೂಲ್ ಹುಡುಕುವಾಗ ಏಳೆಂಟು ಕಡೆ ಹೋಗಿ ನೋಡಿದೆ, ಸಾಕಷ್ಟು ಓದಿದೆ. ಅದರಲ್ಲಿ ಉಪಯೋಗಕ್ಕೆ ಬರಬಹುದಾದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಯಾವ ಪ್ರೀಸ್ಕೂಲಿಗೆ ಹೋದರೂ ಗೋಡೆಯ ಮೇಲೆ ಒಂದು ಬಣ್ಣದ ಚಾರ್ಟ್ ಇರುತ್ತದೆ: ದೈಹಿಕ, ಭಾವನಾತ್ಮಕ, ಬೌದ್ಧಿಕ, ಭಾಷಿಕ, ಸೃಜನಾತ್ಮಕ ಬೆಳವಣಿಗೆ. ಚಾರ್ಟ್ ತಪ್ಪಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತ ಎಂದು ಕರೆಯಿತು. ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರಿನಲ್ಲಿ ಬಂತು. ಅದರಲ್ಲೂ ಹೆಚ್ಚುಕಡಿಮೆ ಇವೇ ವಿಭಾಗಗಳಿವೆ. ಅನ್ನಮಯದಿಂದ ಆನಂದಮಯದವರೆಗಿನ ಪಂಚಕೋಶಗಳ ಕಲ್ಪನೆಗೆ ಅದನ್ನು ಜೋಡಿಸಿದ್ದಾರೆ. ನನ್ನ ತಕರಾರು ಚಾರ್ಟಿನ ಬಗ್ಗೆ ಅಲ್ಲ, ಅದರ ಕೆಳಗೆ ನಡೆಯುವುದರ ಬಗ್ಗೆ. ಒಂದು ಕಡೆ ಆ ಚಾರ್ಟಿನ ಕೆಳಗೇ ಮೂರು ವರ್ಷದ ಮಕ್ಕಳು ತಲೆ ಬಗ್ಗಿಸಿ ನಾಲ್ಕು ಗೆರೆ ಪುಸ್ತಕದಲ್ಲಿ ಅಕ್ಷರ ತಿದ್ದುತ್ತಿದ್ದರು. ಒಂದು ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿತ್ತು, ಪಾಪ, ಚಮಚ ಹಿಡಿದ ಹಾಗೆ.

ಆ ಮಗುವಿನ ತಪ್ಪೇನೂ ಇಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಇನ್ನೂ ಗಟ್ಟಿ ಎಲುಬಾಗಿರುವುದಿಲ್ಲ, ಮೆತ್ತಗಿರುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಎಂಟರಲ್ಲಿ ಕೆಲವು ಮಾತ್ರ ಕಾಣಿಸುತ್ತವೆ. ಮೊದಲು ಹೆಗಲು ಬಲಿಯಬೇಕು, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳ ತುದಿ. ಜಾರುಬಂಡೆ ಹತ್ತುವುದು, ಜೋತುಬೀಳುವುದು, ಮಣ್ಣು ಅಗೆಯುವುದು, ಚಪಾತಿ ಹಿಟ್ಟು ನಾದುವುದು ಇವೆಲ್ಲ ಬರವಣಿಗೆಯ ಪೂರ್ವತಯಾರಿಯೇ. ಹಿತಕಿದ ಬೇಳೆಗೆ ನೆನೆಸಿದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಇಟ್ಟು ಚಿಮ್ಮಿಸುತ್ತೇವಲ್ಲ, ಪೆನ್ಸಿಲ್ ಹಿಡಿಯಲು ಬೇಕಾದ ಹಿಡಿತ ಅದೇ. ಅವರೆ ಸಿಗದಿದ್ದರೆ ಚಳಿಗಾಲದಲ್ಲಿ ಮಂಡಿಯ ತುಂಬ ಬಟಾಣಿ ಇರುತ್ತದೆ; ಸುಲಿಯಲು ಕೊಡಿ. ಅರ್ಧ ಬಾಯಿಗೆ ಹೋಗುತ್ತದೆ, ಹೋಗಲಿ. ತೀರ ಚಿಕ್ಕ ಮಕ್ಕಳಾದರೆ ಕಾಳು ಗಂಟಲಿಗೆ ಸಿಕ್ಕದಂತೆ ಪಕ್ಕದಲ್ಲೇ ಕುಳಿತಿರಿ, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ನನಗೆ ತುಂಬ ಇಷ್ಟ. ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆವರುವಂಥದ್ದು. ನಿದ್ದೆ 10ರಿಂದ 13 ಗಂಟೆ. ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚಿಲ್ಲ, ಕಡಿಮೆಯಾದಷ್ಟೂ ಒಳ್ಳೆಯದು. ಪರದೆ ನೋಡಿಕೊಂಡೇ ಸಂಬಳ ತೆಗೆದುಕೊಳ್ಳುವ ನನ್ನಂಥವಳು ಇದನ್ನು ಹೇಳುವುದು ತಮಾಷೆಯೇ, ಆದರೂ ಹೇಳುತ್ತೇನೆ.

ಗಣಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರರವರೆಗೆ ಬಾಯಿಪಾಠ ಒಪ್ಪಿಸುವ ಮಗುವಿಗೆ ‘ಏಳು ಚಮಚ ತಗೊಂಡು ಬಾ’ ಎಂದು ಹೇಳಿ ನೋಡಿ. ಅನೇಕ ಸಲ ಒಂದು ಹಿಡಿ ಬರುತ್ತದೆ. ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬುದು ಕೈಯಿಂದ ತಲೆಗೆ ಹೋಗುವ ವಿಷಯ. ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಳಿ. ಗುಳಿಗೆ ಒಂದರಂತೆ ಹುಣಸೆಬೀಜ ಬಿಡುತ್ತ ಹೋಗುವಾಗ ಮಗು ಕಲಿಯುವುದು ಅದನ್ನೇ. ಚೌಕಾಬಾರದಲ್ಲಿ ಇನ್ನೂ ಒಂದು ಪಾಠವಿದೆ. ಮನೆಗೆ ಹತ್ತಿರ ಬಂದ ಕಾಯಿಯನ್ನು ಎದುರಿನವರು ಹೊಡೆದಾಗ ಅಳು ತಡೆದುಕೊಂಡು ಮತ್ತೆ ಕವಡೆ ಹಾಕಬೇಕು. ಚಾರ್ಟಿನಲ್ಲಿ ಅದಕ್ಕೆ ಭಾವನಾತ್ಮಕ ನಿಯಂತ್ರಣ ಎನ್ನುತ್ತಾರೆ. ಅಜ್ಜಿಯಂದಿರೆ, ಮಗು ಬೇಜಾರಾಗುತ್ತದೆಂದು ಪ್ರತಿ ಸಲ ನೀವೇ ಸೋಲಬೇಡಿ.

ಈಗ ಭಾಷೆಯ ವಿಷಯ. ನಿಜ ಹೇಳಬೇಕೆಂದರೆ ಇದಕ್ಕಾಗಿಯೇ ಈ ಭಾಷಣ ಒಪ್ಪಿಕೊಂಡೆ.

ನಮ್ಮ ಮನೆಗಳ ಮಕ್ಕಳಿಗೆ ಅಡುಗೆಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಹಿಂದಿ, ಕೆಲಸದ ಮೌಶಿಯ ಜೊತೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ನನ್ನ ಮಗಳು ‘ಅಮ್ಮಾ, ನಂಗೆ ಭೂಕ್ ಆಗಿದೆ’ ಅನ್ನುತ್ತಾಳೆ. ಮರಾಠಿಯಲ್ಲಿ ‘ತಾಯಿ’ ಎಂದರೆ ಅಕ್ಕ. ಅವಳು ಟೀಚರನ್ನು ತಾಯಿ ಎಂದು ಕರೆಯುವುದನ್ನು ಕೇಳಿ ಊರಿಂದ ಬಂದ ನಮ್ಮತ್ತೆ ಒಂದು ಕ್ಷಣ ಗಾಬರಿಯಾಗಿದ್ದರು. ಹೀಗೆ ಭಾಷೆಗಳು ಬೆರೆಯುವುದು ಗೊಂದಲವಲ್ಲ, ಬಹುಭಾಷಿಕ ಮಕ್ಕಳ ಸಹಜ ರೀತಿ. ಅಂಥ ಮಗುವಿನ ಶಬ್ದಸಂಪತ್ತನ್ನು ಲೆಕ್ಕ ಹಾಕುವಾಗ ಎಲ್ಲ ಭಾಷೆಗಳನ್ನೂ ಕೂಡಿಸಿ ನೋಡಬೇಕು. ಒಂದೇ ಭಾಷೆಯಲ್ಲಿ ಅಳೆದರೆ ಮಗು ಹಿಂದುಳಿದಂತೆ ಕಾಣುತ್ತದೆ.

ಒಂದು ಪ್ರೀಸ್ಕೂಲಿನಲ್ಲಿ ನನಗೆ ಹೇಳಿದರು: ‘ಮೇಡಂ, ಆರು ತಿಂಗಳು ಮನೆಯಲ್ಲೂ ಇಂಗ್ಲಿಷ್ ಮಾತ್ರ ಮಾತಾಡಿ, ಬೇಗ ಸೆಟ್ ಆಗ್ತಾಳೆ.’ ನಾವು ಆ ಶಾಲೆಗೆ ಸೇರಿಸಲಿಲ್ಲ. ಶಿಕ್ಷಣ ನೀತಿಯೇ ಸಾಧ್ಯವಿರುವ ಕಡೆಯೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಕೆ ಎನ್ನುತ್ತದೆ. ಪುಣೆಯಲ್ಲಿ ಎಲ್ಲರಿಗೂ ಕನ್ನಡ ಶಾಲೆ ಸಿಗುವುದು ಸಾಧ್ಯವಿಲ್ಲ, ಅದು ನನಗೂ ಗೊತ್ತು. ಆದರೆ ಆರು ತಿಂಗಳು ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ನಷ್ಟವಾಗುವುದು ಬರೀ ಪದಗಳಲ್ಲ. ‘ಯಾಕೆ ಅಳ್ತಿದೀಯ, ಏನಾಯ್ತು ಕಂದಾ’ ಎಂದು ಕೇಳಿದಾಗ ಮಗು ವಿವರವಾಗಿ ಉತ್ತರಿಸುವುದು ತನಗೆ ಚೆನ್ನಾಗಿ ಬರುವ ಮಾತಿನಲ್ಲಿ. ಕಾರಣ ಹೇಳುವುದು, ಕಥೆ ಕಟ್ಟುವುದು, ನಿನ್ನೆ ಆದದ್ದನ್ನು ಇವತ್ತು ವರ್ಣಿಸುವುದು, ಇವನ್ನೆಲ್ಲ ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತ ಮಗು ಇನ್ನೊಂದಕ್ಕೆ ಒಯ್ಯುತ್ತದೆ. ಅದಕ್ಕೇ ಹೇಳುವುದು, ಇಂಗ್ಲಿಷ್ ಬರಲಿ ಎಂಬ ಆಸೆಯಿದ್ದರೂ ಮನೆಯಲ್ಲಿ ಕನ್ನಡದಲ್ಲೇ ಧಾರಾಳವಾಗಿ ಮಾತಾಡಿ.

ಇನ್ನೊಂದು ವಿಷಯ, ನಾವು ಮಹಾರಾಷ್ಟ್ರದಲ್ಲಿದ್ದೇವೆ ಎಂಬ ಕಾರಣಕ್ಕೆ. ಅಂಗನವಾಡಿ ಎಂಬ ಕಲ್ಪನೆಯ ಬೇರು ಈ ರಾಜ್ಯದಲ್ಲಿದೆ. ಗಿಜುಭಾಯಿ ಬಧೇಕಾ ಅವರ ಜೊತೆ ಭಾವನಗರದಲ್ಲಿ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿ ಮಕ್ಕಳ ಶಿಕ್ಷಣ ಕೇಂದ್ರ ಶುರುಮಾಡಿದರು. ನಮ್ಮ ಪುಣೆ ಜಿಲ್ಲೆಯ ಮೋರ್ಗಾಂವ್‌ನಲ್ಲಿ ಹುಟ್ಟಿದ ಅನುತಾಯಿ ವಾಘ್ ಅಲ್ಲಿ ಅವರನ್ನು ಸೇರಿಕೊಂಡರು. 1957ರಲ್ಲಿ ಕೆಲಸ ಕೋಸ್ಬಾಡದ ಗುಡ್ಡಕ್ಕೆ, ಆದಿವಾಸಿ ಮಕ್ಕಳ ನಡುವೆ ಹೋಯಿತು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದರು. ದುಬಾರಿ ಮಾಂಟೆಸ್ಸರಿ ಸಾಮಾನುಗಳ ಬದಲು ಎಲೆ, ಬೀಜ, ಕಲ್ಲು, ಚಿಪ್ಪು ಬಳಸಿದರು. ಸರ್ಕಾರದ ಐಸಿಡಿಎಸ್ ಯೋಜನೆ ಬಂದದ್ದು ಆಮೇಲೆ, 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಸೊಸೈಟಿಯ ಪಕ್ಕದಲ್ಲಿ ಹೊಸ ಟವರ್ ಏಳುತ್ತಿದೆ. ಮರಳಿನ ಗುಡ್ಡೆಯ ಮೇಲೆ ಐದು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಹಿಂದಿಯಲ್ಲಿ ಮಾತಾಡಿಸಿದರೆ ಉತ್ತರವಿಲ್ಲ, ಮರಾಠಿಗೂ ಇಲ್ಲ. ತಮ್ಮನಿಗೆ ಅವಳು ‘ಸುಮ್ಕಿರೋ’ ಅಂದಾಗ ನಾನು ಕನ್ನಡದಲ್ಲಿ ಕೇಳಿದೆ, ನಿಮ್ಮವ್ವ ಎಲ್ಲಿ ಅಂತ. ‘ಮ್ಯಾಲ ಅದಾಳ್ರೀ’ ಎಂದು ಮೂರನೇ ಅಂತಸ್ತಿನತ್ತ ಕೈ ತೋರಿಸಿದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಕಲಬುರಗಿ ಕಡೆಯವರು. ಎಮ್ಮೆಗೆ ಕರು ಆದದ್ದು, ಬಸ್ಸಿನಲ್ಲಿ ವಾಂತಿ ಆದದ್ದು, ಎಲ್ಲ ಹೇಳಿದಳು. ನನ್ನ ಮಗಳಿಗಿಂತ ಚೆನ್ನಾಗಿ ಕಥೆ ಹೇಳುತ್ತಾಳೆ. ಆದರೆ ಅವಳನ್ನು ನಾಳೆ ಯಾವುದಾದರೂ ಬಾಲವಾಡಿಗೆ ಸೇರಿಸಿದರೆ, ಅಲ್ಲಿನ ಮಾತು ತಿಳಿಯದೆ ಮೂಲೆಯಲ್ಲಿ ಸುಮ್ಮನೆ ಕೂರುತ್ತಾಳೆ. ‘ಈ ಮಗು ಮಂದ’ ಎಂದು ಯಾರೋ ಬರೆದುಕೊಳ್ಳುತ್ತಾರೆ.

ಐವತ್ತಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವ ಕಟ್ಟಡದ ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಾಯಿದೆಯೇ ಹೇಳಿತ್ತು. ನಮ್ಮಂಥ ಆಫೀಸುಗಳಿಗೆ ಶಿಶುಪಾಲನಾ ಕೇಂದ್ರ, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರುವ ಹಕ್ಕು ಬಂದದ್ದು 2017ರ ತಿದ್ದುಪಡಿಯಲ್ಲಿ. ನಾವು ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ ಕೇಳುತ್ತೇವೆ. ಮೂರನೇ ಅಂತಸ್ತಿನಲ್ಲಿ ಬುಟ್ಟಿ ಹೊತ್ತವಳು ಯಾರನ್ನು ಕೇಳಬೇಕು? ಪುಣೆಯಲ್ಲಿ ತಾರಾ ಮೊಬೈಲ್ ಕ್ರೆಶಸ್‌ನಂಥ ಸಂಸ್ಥೆಗಳು ಕಟ್ಟಡದ ಜಾಗಗಳಲ್ಲೇ ಮಕ್ಕಳ ಕೇಂದ್ರ ನಡೆಸುತ್ತವೆ, ಆದರೆ ಅವು ತಲುಪದ ಸೈಟುಗಳು ಬೇಕಾದಷ್ಟಿವೆ.

ನನ್ನದೊಂದು ಕೇಳಿಕೆ. ನಮ್ಮ ವೇದಿಕೆಯಿಂದ ಇಬ್ಬಿಬ್ಬರಾಗಿ ಭಾನುವಾರ ಒಂದು ಗಂಟೆ ಹೋಗಿ ಆ ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡೋಣ, ಕಥೆ ಹೇಳೋಣ, ಅವರ ಕಥೆ ಕೇಳೋಣ. ನಮ್ಮ ಮಕ್ಕಳನ್ನೂ ಕರೆದುಕೊಂಡು ಹೋಗೋಣ; ಕನ್ನಡದಲ್ಲಿ ಆಡಲು ಜೊತೆಗಾರರಿಲ್ಲ ಎಂಬ ನಮ್ಮ ಗೋಳೂ ಸ್ವಲ್ಪ ತೀರುತ್ತದೆ. ಸೈಟಿನ ಇಂಜಿನಿಯರ್ ಹತ್ತಿರ ಮಾತಾಡಿದ್ದೇನೆ. ಮಾರಾಟದ ಆಫೀಸಿನ ಹಿಂದಿನ ಶೆಡ್ ಬಳಸಬಹುದು ಎಂದಿದ್ದಾರೆ. ಚಾಪೆ ಇದೆ, ಹುಣಸೆಬೀಜ ಇದೆ, ಒಂದು ಅಳಗುಳಿಮಣೆ ನಮ್ಮತ್ತೆ ಕೊಡುತ್ತಾರೆ. ಬರಲು ಮನಸ್ಸಿರುವವರು ಊಟಕ್ಕೆ ಮುಂಚೆ ನನ್ನ ಹತ್ತಿರ ಹೆಸರು ಬರೆಸಿ.