ಮೀಟರು ಮಗಳ ಕೈಗೆ

ಟೈಪ್ 1 ಮಧುಮೇಹವಿರುವ ಮಕ್ಕಳಿಗೆ ಬದುಕಿಡೀ ಇನ್ಸುಲಿನ್ ಬೇಕು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಅದನ್ನು ಚಿಕಿತ್ಸೆಯಾಗಿ ಮೊದಲು ಪಡೆದವನೂ 14ರ ಹುಡುಗನೇ.

ಚಿಕ್ಕಂದಿನಲ್ಲಿ ಚುಚ್ಚುವವಳು ಅಮ್ಮ. ಹಾಸ್ಟೆಲ್ ಸೇರುವ ದಿನ ಎಲ್ಲವನ್ನೂ ಒಮ್ಮೆಲೇ ಮಗಳಿಗೆ ಒಪ್ಪಿಸಿದರೆ ಹೇಗೆ? ಮೊದಲೇ ಶುರುವಾಗಲಿ. ಬೆರಳು ಚುಚ್ಚಿ ಮೀಟರಿನಲ್ಲಿ ರಕ್ತದ ಸಕ್ಕರೆ ನೋಡುವುದು, ಆಮೇಲೆ ತಟ್ಟೆಯ ಅನ್ನ ನೋಡಿ ಇನ್ಸುಲಿನ್ ಯೂನಿಟ್ ಲೆಕ್ಕ ಹಾಕುವುದು. "ಅಮ್ಮಾ, ಎಷ್ಟು ಯೂನಿಟ್?" ಎಂದರೆ, "ನೀನೇ ಹೇಳು ಪುಟ್ಟಿ, ಸಂಜೆ ಆಟ ಇದೆಯಲ್ಲ" ಎನ್ನಿ. ತಪ್ಪಿದರೆ ತಿದ್ದಲು ಪಕ್ಕದಲ್ಲೇ ಇರಿ. ಗದರಿದರೆ ಮಕ್ಕಳು ರೀಡಿಂಗ್ ಮುಚ್ಚಿಡುತ್ತಾರೆ, ಅದು ಅಪಾಯ.

ರಕ್ತದ ಸಕ್ಕರೆ 70 mg/dLಗಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷದ ಮೇಲೆ ಮತ್ತೆ ನೋಡಬೇಕು. ಇದು ರೂಮಿನ ಗೆಳತಿಗೂ ಗೊತ್ತಿರಲಿ.

ಇವತ್ತು ತಿಂಡಿಗೆ ಮುಂಚೆ ಮೀಟರನ್ನು ಮಗಳ ಕೈಗೇ ಕೊಡಿ.